ಕಿವಿಯೋಲೆಯ ನಂಬರು

ಚರ್ಮಗಂಟು ರೋಗ ಹಿಡಿದಿದ್ದ ಕೆಂಪು ಹಸು ಪಕ್ಕದ ಎಮ್ಮೆಯನ್ನು ಕೇಳಿತು: "ಅಕ್ಕಾ, ದನದ ಡಾಕ್ಟರು ಅಂಗಳದಲ್ಲಿ ಏನು ಹೇಳಿ ಹೋದರು?"

"ಈ ರೋಗದಿಂದ ಸತ್ತ ದನಕ್ಕೆ ಸರ್ಕಾರ ಪರಿಹಾರ ಕೊಡುತ್ತದಂತೆ. ಕಿವಿಯಲ್ಲಿ ಹಳದಿ ಓಲೆಯಿರಬೇಕು, ಅದರ ನಂಬರು ಫೋಟೋದಲ್ಲಿ ಕಾಣಬೇಕು."

"ಬದುಕಿದ ದನಕ್ಕೆ?"

"ಅದರ ಮಾತೇ ಬರಲಿಲ್ಲ."

ಹಸು ಮೇವು ಬಿಟ್ಟು ಬಾಗಿಲನ್ನೇ ನೋಡತೊಡಗಿತು. "ಫಕೀರವ್ವ ಇವತ್ತೂ ಔಷಧ ತರುತ್ತಾಳಾ?"

"ನೀನು ಕರುವಿದ್ದಾಗಿನಿಂದ ಸಾಕಿದವಳು. ತರದೆ ಇರುತ್ತಾಳಾ?"

ಫಕೀರವ್ವ ಬೇವು-ಅರಿಶಿನದ ಲೇಪ ಹಿಡಿದು ಬಂದಳು. ಎಮ್ಮೆ ನೆಮ್ಮದಿಯಿಂದ ಮೆಲುಕು ಹಾಕಿತು. "ಲಗೂನ ಆರಾಮ ಆಗವ್ವಾ" ಎನ್ನುತ್ತ ಅವಳು ಗಾಯಗಳಿಗೆಲ್ಲ ಲೇಪ ಹಚ್ಚಿದಳು. ಆಮೇಲೆ ಸೆರಗಿನ ತುದಿಯಿಂದ ಕಿವಿಯೋಲೆಯ ಕೊಳೆ ಒರೆಸಿ, ನಂಬರು ಕಾಣುತ್ತದಾ ಎಂದು ಬಗ್ಗಿ ನೋಡಿದಳು.

ಎಮ್ಮೆಯ ಮೆಲುಕು ನಿಂತಿತು.