ನೀಲಿ ಕಲ್ಲಿನ ಹಿರಿಯಮ್ಮ

ಗಾಜಿನ ಮೀನುತೊಟ್ಟಿಗೆ ಹೊಸದಾಗಿ ಬಂದ ನೀರುಗಿಡವೊಂದು ಬೇರೂರಲು ನೆಲೆ ಹುಡುಕುತ್ತಿತ್ತು. ತಳದಲ್ಲಿ ಒಂದು ಕಡೆ ಕಪ್ಪು ಗೋಡುಮಣ್ಣು, ಇನ್ನೊಂದು ಕಡೆ ಫಳಫಳ ಹೊಳೆಯುವ ನೀಲಿ ಕಲ್ಲು.

"ಇಲ್ಲಿಗೆ ಬಾ, ನನ್ನಲ್ಲಿ ಸಾರವಿದೆ. ಮೊದಮೊದಲು ನೀರು ಕೊಂಚ ಕದಡುತ್ತದೆ, ಅಷ್ಟೇ," ಎಂದಿತು ಮಣ್ಣು.

ಗಿಡಕ್ಕೆ ಅನುಮಾನ. ನೀಲಿ ಕಲ್ಲಿನ ನಡುವೆ ಹಚ್ಚಹಸಿರಾಗಿ ನಿಂತಿದ್ದ ಹಿರಿಯ ಗಿಡವನ್ನು ಕೇಳಿತು: "ಅಮ್ಮಾ, ಕಲ್ಲಿನ ಸಹವಾಸ ಹೇಗೆ?"

"ವರ್ಷಗಟ್ಟಲೆ ಇಲ್ಲೇ ಇದ್ದೇನೆ ಮಗಳೇ. ಒಂದೆಲೆ ಬಾಡಿಲ್ಲ, ಒಂದೆಲೆ ಉದುರಿಲ್ಲ. ಕೆಸರಿನಲ್ಲಿ ಯಾಕೆ ಕಾಲಿಡುತ್ತೀಯ?"

ಗಿಡ ನಂಬಿ ಕಲ್ಲಿನಲ್ಲೇ ಬೇರಿಳಿಸಿತು. ಕೆಲವೇ ದಿನಗಳಲ್ಲಿ ಎಲೆಗಳು ಹಳದಿಯಾದವು, ಬೆನ್ನು ಬಾಗಿತು.

"ಅಮ್ಮಾ, ಹಸಿವು ತಾಳಲಾರೆ! ಇಷ್ಟು ವರ್ಷ ಇಲ್ಲಿ ಊಟಕ್ಕೇನು ಮಾಡಿದಿರಿ?"

"ಊಟವೇ? ಆ ದುರಭ್ಯಾಸ ನನಗಿಲ್ಲವಮ್ಮ."

ಪಕ್ಕದಲ್ಲಿ ತೆವಳುತ್ತಿದ್ದ ಬಸವನಹುಳು ನಕ್ಕಿತು. "ಆಕೆಯ ಎಲೆ ಕಚ್ಚಿ ನಾನು ಹಲ್ಲು ಮುರಿದುಕೊಂಡೆ. ಆಕೆ ಪ್ಲಾಸ್ಟಿಕ್! ಹೊಟ್ಟೆಯೇ ಇಲ್ಲದವರ ಹತ್ತಿರ ಊಟದ ಮನೆಯ ದಾರಿ ಕೇಳಿದೆಯಲ್ಲ!"

ಗಿಡ ಇದ್ದಬದ್ದ ಬೇರನ್ನೆಲ್ಲ ಮಣ್ಣಿನ ಕಡೆಗೆ ಚಾಚಿತು.

ಹಿಂದಿನಿಂದ ಪ್ಲಾಸ್ಟಿಕ್ ಗಿಡ ನಿಟ್ಟುಸಿರಿಟ್ಟಿತು: "ಈಗಿನ ಕಾಲದವರಿಗೆ ಬರೀ ಬಾಯಿಚಪಲ!"