ಓಲೆಗೆ ಸೇರದ ಹೆಸರು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ನಮ್ಮೂರಿನ ನೇಕಾರರ ಮೇಲೆ ಒಂದು ಕಾವ್ಯ ಬರೆದಿದ್ದೇನೆ. ದೇವರ ಮಹಿಮೆ ಸೇರಿಸಿದರೆ ಓದಿಸುತ್ತೇವೆ ಎನ್ನುತ್ತಾರೆ ಮಠದವರು. ದೇವರನ್ನು ಬಿಟ್ಟು ಪೇಟೆಯ ವೈಭವ ಸೇರಿಸಿದರೆ ಪ್ರತಿ ಮಾಡಿಸುತ್ತೇವೆ ಎನ್ನುತ್ತಾರೆ ಬಟ್ಟೆ ವ್ಯಾಪಾರಿಗಳು. ಯಾರ ಮಾತು ಕೇಳಲಿ? ಕೂತಲ್ಲಿ ಕೂರಲಾಗುತ್ತಿಲ್ಲ, ಗುರುಗಳೇ."

"ಕೂರಲಾಗದಿದ್ದರೆ ನಿಂತೇ ಕೇಳು," ಎಂದು ಗುರುಗಳು ಕತೆ ಹೇಳಿದರು.

ಘಟ್ಟದ ದಾರಿಯ ಒಂದು ಊರಿನಲ್ಲಿ ಒಬ್ಬ ಲಿಪಿಕಾರನಿದ್ದ. ತಾಳೆಯೋಲೆಯ ಮೇಲೆ ಪುರಾಣ ಬರೆಯುವುದು ಅವನ ಕಸುಬು. ಮೆಣಸಿನ ವ್ಯಾಪಾರಿಗಳು ಎತ್ತುಗಳ ಮೇಲೆ ಹೇರು ಹೊರಿಸಿ ಘಟ್ಟ ಇಳಿದು ಬಂದರಿಗೆ ಹೋಗುವಾಗ ದೇವಿಗೆ ಹರಕೆ ಹೊರುತ್ತಿದ್ದರು. ಕ್ಷೇಮವಾಗಿ ಮರಳಿದವರು ದೇವಿಯ ಪುರಾಣದ ಒಂದು ಪ್ರತಿ ಬರೆಸಿ ಮಠಕ್ಕೆ ಒಪ್ಪಿಸಬೇಕು. ಹೀಗೆ ಅವನು ಒಂದೇ ಪುರಾಣವನ್ನು ಅರವತ್ತು ಸಲ ಬರೆದಿದ್ದ. ಓದುವವರು ಇದ್ದರೋ ಇಲ್ಲವೋ, ಮಠದ ಅಟ್ಟವಂತೂ ತುಂಬಿತ್ತು.

ಅವನಿಗಿದ್ದ ಒಬ್ಬಳೇ ಮಗಳು ಜ್ವರದಲ್ಲಿ ತೀರಿಕೊಂಡಳು. ಅವನ ಹೆಂಡತಿ ರಾಗಿ ಬೀಸುವಾಗ ಮಗಳ ಹೆಸರು ಹಿಡಿದು ಹಾಡು ಕಟ್ಟಿದಳು. ಒಂದು ದಿನ ಗಂಡನಿಗೆ ಹೇಳಿದಳು: "ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅನ್ನೋ ಹಂಗೆ ಅದನ್ನೇ ಎಷ್ಟು ಸಲ ಬರೀತೀರಿ? ನನ್ನ ಹಾಡನ್ನೂ ಒಂದು ಸಲ ಬರೀರಿ. ನಾನು ಸತ್ತ ಮೇಲೆ ಆ ಕೂಸಿನ ಹೆಸರು ಹೇಳೋರು ಯಾರು?"

"ಓಲೆ ಹರಕೆಯವರದು. ದೇವಿಗೆ ಅಂತ ಕೊಟ್ಟಿದ್ದರಲ್ಲಿ ನಮ್ಮ ಮನೆ ಗೋಳು ಬರೆದರೆ ಪಾಪ ಸುತ್ತಿಕೊಳ್ಳುತ್ತೆ," ಎಂದ ಅವನು.

ಹೆಂಡತಿ ಮಾತು ಬಿಟ್ಟಳು. ಅವನಿಗೂ ಸಂಕಟವಾಯಿತು. ಅವಳೊಬ್ಬಳಿಗೇ ಮಗಳೇ ಅದು? ಮುಂದಿನ ಪ್ರತಿಯಲ್ಲಿ, ದೇವಿ ತನ್ನ ಮಗಳನ್ನು ಕಳೆದುಕೊಂಡು ಅಳುವ ಕಡೆ, ಹೆಂಡತಿಯ ಹಾಡನ್ನು ಸೇರಿಸಿಬಿಟ್ಟ. ತನ್ನ ಮಗಳ ಹೆಸರು ತೆಗೆದು ದೇವಿಯ ಮಗಳ ಹೆಸರಿಟ್ಟ. ಮಠದ ಪಂಡಿತರು ಓದಿ ಕಣ್ಣೊರೆಸಿಕೊಂಡರು. ಹಳೆಯ ಪ್ರತಿಗಳಲ್ಲಿ ಇದು ಬಿಟ್ಟುಹೋಗಿರಬೇಕು ಎಂದು ತೀರ್ಮಾನಿಸಿ, ಎಲ್ಲ ಪ್ರತಿಗಳಿಗೂ ಸೇರಿಸಲು ಹೇಳಿದರು. ಊರ ಹೆಂಗಸರು ಅದನ್ನು ಪೂಜೆಯಲ್ಲಿ ಹಾಡತೊಡಗಿದರು.

ಕಾಲ ಬದಲಾಯಿತು. ಹಡಗುಗಳು ಬೇರೆ ಬಂದರಿಗೆ ಹೋಗತೊಡಗಿದವು, ಮೆಣಸಿನ ಹೇರುಗಳೂ ಆ ದಾರಿ ಹಿಡಿದವು. ಹರಕೆ ನಿಂತಿತು; ಅದರ ಜೊತೆ ಪುರಾಣ ಬರೆಸುವುದೂ ನಿಂತಿತು. ಈಗ ಊರಿಗೆ ಹತ್ತಿ ಕೊಳ್ಳುವವರು ಬಂದರು. ಅವರಲ್ಲಿ ಹತ್ತು ಮತದವರಿದ್ದರು. ಛತ್ರದಲ್ಲಿ ಕೂತು ಕೇಳಲು ಅವರಿಗೆ ಕತೆ ಬೇಕು, ಆದರೆ ಯಾರ ದೇವರೂ ಬೇಡ. ಲಿಪಿಕಾರನಿಗೆ ಹೊಟ್ಟೆಪಾಡು. ಅದೇ ಹಾಡನ್ನು ಪುರಾಣದಿಂದ ತೆಗೆದು, ದೇವಿಯ ಮಗಳನ್ನು ಹತ್ತಿ ಸಾಹುಕಾರನ ಮಗಳನ್ನಾಗಿ ಮಾಡಿದ. ಹಾಡು ಸಂತೆಯಿಂದ ಸಂತೆಗೆ ಹೋಯಿತು.

ಮುದುಕಿಯಾದ ಹೆಂಡತಿ ಒಂದು ದಿನ, ಹತ್ತಿ ಬಿಡಿಸುವ ಹೆಂಗಸರ ನಡುವೆ ಆ ಹಾಡನ್ನು ಹಾಡಿದಳು. ತನ್ನ ಮಗಳ ಹೆಸರಿಟ್ಟೇ ಹಾಡಿದಳು. ಅರ್ಧವೂ ಮುಗಿದಿರಲಿಲ್ಲ, ಒಬ್ಬಳು ತಡೆದು, "ಅಜ್ಜಿ, ಅಲ್ಲಿ ದೇವಿ ಮಗಳ ಹೆಸರು ಬರಬೇಕು," ಎಂದಳು. ಇನ್ನೊಬ್ಬಳು, "ಯಾರು ಹೇಳಿದ್ದು? ಅದು ಸಾಹುಕಾರನ ಮಗಳ ಹಾಡು," ಎಂದಳು. ಇಬ್ಬರಿಗೂ ಜಗಳ ಹತ್ತಿತು. ಮುದುಕಿ ಎದ್ದು ಮನೆಗೆ ಬಂದು ಗಂಡನಿಗೆ, "ನನ್ನ ಹಾಡನ್ನ ನಾನೇ ತಪ್ಪು ಹಾಡ್ತೀನಂತೆ," ಎಂದಳು. ಆಮೇಲೆ ಅವಳು ಹಾಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಚಡಪಡಿಸಿದ.

"ಲಿಪಿಕಾರ ಹಾಗೆ ಮಾಡದಿದ್ದರೆ ಹಾಡೇ ಉಳಿಯುತ್ತಿರಲಿಲ್ಲವಲ್ಲ, ಗುರುಗಳೇ! ಹಾಗಾದರೆ ನನ್ನ ಕಾವ್ಯಕ್ಕೆ ಏನು ಮಾಡಲಿ? ದೇವರನ್ನು ಸೇರಿಸಲೋ, ಪೇಟೆಯನ್ನು ಸೇರಿಸಲೋ?"

ಗುರುಗಳು ಹೇಳಿದರು: "ಇಷ್ಟು ಹೊತ್ತು ಕತೆ ಕೇಳಿದೆ, ಆ ಕೂಸಿನ ಹೆಸರೇನೆಂದು ನೀನೂ ಕೇಳಲಿಲ್ಲ."