ಹಿಮದೂರಿನ ಒಗ್ಗರಣೆ

ದಾವಣಗೆರೆಯ ಸಾಹುಕಾರ ಮುರಿಗೆಪ್ಪನವರು ಸ್ವಿಟ್ಜರ್ಲೆಂಡಿನ ಹಿಮದಲ್ಲಿ ಸ್ಕೀ ಆಡಲು ಅರಮನೆಯಂಥ ರೆಸಾರ್ಟು ಗೊತ್ತುಮಾಡಿದರು. "ಅಲ್ಲಿನ ಬ್ರೆಡ್ಡು ನನಗೆ ಗಂಟಲಲ್ಲಿ ಇಳಿಯಲ್ಲ. ನೀನೂ ಬಂದು ರೂಮಲ್ಲೇ ಅಡುಗೆ ಮಾಡು," ಎಂದು ಅಡುಗೆಯ ಸಾವಂತ್ರಮ್ಮನಿಗೆ ಅಪ್ಪಣೆ ಮಾಡಿದರು.

"ಮಗಳ ಚೊಚ್ಚಲ ಹೆರಿಗೆ ಐತ್ರೀ ಸಾಹುಕಾರ್ರೇ."

"ಅದಕ್ಕೆ ಡಾಕ್ಟ್ರಿದಾರೆ. ನನ್ನ ಸಾರಿಗೆ ಯಾರಿದಾರೆ?"

ಮಗಳ ಬಾಣಂತನ ಬಿಡುವ ತಾಯಿಯಲ್ಲ ಸಾವಂತ್ರಮ್ಮ. ಮರುದಿನ ಸಾಹುಕಾರರ ಮನೆಯ ಕಿಟಕಿ ಬಾಗಿಲೆಲ್ಲ ಮುಚ್ಚಿ, ಮೂಗಿಗೆ ಸೆರಗು ಕಟ್ಟಿಕೊಂಡು, ಕಾದ ಎಣ್ಣೆಗೆ ಒಂದು ಹಿಡಿ ಒಣಮೆಣಸಿನಕಾಯಿ ಸುರಿದಳು.

ಘಾಟಿಗೆ ಸಾಹುಕಾರರು ಕೆಮ್ಮುತ್ತ, ಸೀನುತ್ತ ಓಡಿಬಂದರು. "ಕಿಟಕಿ ತೆಗಿಯೇ!"

"ಅಲ್ಲಿ ತೆಗೆದ್ರೆ ಹಿಮ ಒಳಗೆ ಬರ್ತದಲ್ರೀ? ಮುಚ್ಚಿಕೊಂಡೇ ಒಗ್ಗರಣೆ ಹಾಕೋದು ರೂಢಿ ಮಾಡ್ಕೊಂತಿದೀನಿ."

"ಬ್ರೆಡ್ಡೇ ತಿಂತೀನಿ ತಾಯಿ! ನೀನು ಮಗಳ ಹತ್ರ ಹೋಗು!"

ಸಾವಂತ್ರಮ್ಮ ಚಿಲಕದ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ.

"ಬಾಣಂತನ ಮುಗಿಯೋವರ್ಗೂನಾ?"